ಮೂರು ಚಿಕಿತ್ಸೆಗಳ ವೆಚ್ಚ-ಉಪಯುಕ್ತತೆ ಹೋಲಿಕೆ: ಐಸಿಇಆರ್ ಯಾವುದರ ಎದುರು ತೆಗೆಯಬೇಕು?

ಪ್ರಶ್ನೆ

ಒಂದೇ ಕಾಯಿಲೆಗೆ ಈಗಿರುವ ಚಿಕಿತ್ಸೆ, ಜೊತೆಗೆ ಹೊಸ ಮೂರು. ರೋಗಿಯೊಬ್ಬರಿಗೆ ಸರಾಸರಿ ವೆಚ್ಚ ಮತ್ತು ಕ್ವಾಲಿ (ಆರೋಗ್ಯದ ಗುಣಮಟ್ಟಕ್ಕೆ ಹೊಂದಿಸಿದ ಜೀವಿತ ವರ್ಷ) ಹೀಗಿವೆ:

ಈಗಿನದು: 50,000, 4.00
ಅ: 80,000, 4.20
ಇ: 90,000, 4.15
ಉ: 1,10,000, 4.60

ಮೂರನ್ನೂ ಈಗಿನದರ ಎದುರು ಇಟ್ಟು ಐಸಿಇಆರ್ (ಒಂದು ಹೆಚ್ಚುವರಿ ಕ್ವಾಲಿಗೆ ತಗಲುವ ಹೆಚ್ಚುವರಿ ವೆಚ್ಚ) ತೆಗೆದೆ: ಅ 1,50,000, ಇ ಸುಮಾರು 2,66,700, ಉ 1,00,000. ಮೂರನ್ನೂ ವರದಿಯಲ್ಲಿ ಹಾಕಬಹುದೇ? ಒಂದು ಉಪಗುಂಪಿನಲ್ಲಿ −40,000 ಬಂದಿದೆ, ಅದನ್ನು ಹೇಗೆ ಓದಬೇಕು? ಒಂದು ಕ್ವಾಲಿಗೆ ಕೊಡಬಹುದಾದ ಮಿತಿ 1,20,000 ಅಂತ ಇಟ್ಟುಕೊಂಡಿದ್ದೇನೆ.

ಉತ್ತರ 1

ಎಲ್ಲವನ್ನೂ ಒಂದೇ ಚಿಕಿತ್ಸೆಯ ಎದುರು ಅಳೆಯುವುದು ತಪ್ಪು. ವೆಚ್ಚದ ಏರಿಕೆ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದನ್ನೂ ಅದಕ್ಕಿಂತ ಹಿಂದಿನದರ ಜೊತೆ ಹೋಲಿಸುತ್ತಾ ಹೋಗಿ.

ಇ ಮೊದಲೇ ಹೊರಗೆ: ಅ-ಗಿಂತ ದುಬಾರಿ, ಲಾಭವೂ ಕಡಿಮೆ. ಉಳಿದವುಗಳಲ್ಲಿ ಈಗಿನದರಿಂದ ಅ-ಗೆ 1,50,000, ಅ-ಯಿಂದ ಉ-ಗೆ 30,000 ÷ 0.40 = 75,000. ಮೇಲೆ ಹೋದಂತೆ ಐಸಿಇಆರ್ ಏರಬೇಕು, ಇಲ್ಲಿ ಇಳಿದಿದೆ. ಅಂದರೆ ಅ ಕೂಡ ವಿಸ್ತೃತ ಪ್ರಾಬಲ್ಯದಲ್ಲಿ (ಮುಂದಿನ ಚಿಕಿತ್ಸೆಯೇ ಹೆಚ್ಚುವರಿ ಕ್ವಾಲಿಯನ್ನು ಇನ್ನೂ ಅಗ್ಗವಾಗಿ ಕೊಡುವ ಸ್ಥಿತಿ) ಸೋತಿತು, ಅದನ್ನೂ ತೆಗೆಯಿರಿ. ಕೊನೆಗೆ ಉಳಿಯುವುದು ಒಂದೇ ಹೋಲಿಕೆ: ಉ ಮತ್ತು ಈಗಿನದು, 1,00,000. ನಿಮ್ಮ ಮಿತಿಯೊಳಗೇ ಇದೆ.

ಋಣ ಐಸಿಇಆರ್ ಅನ್ನು ಸಂಖ್ಯೆಯಾಗಿ ವರದಿ ಮಾಡಲೇಬೇಡಿ. −20,000 ÷ 0.5 ಕೂಡ −40,000, 20,000 ÷ −0.5 ಕೂಡ −40,000. ಮೊದಲನೆಯದರಲ್ಲಿ ಹಣವೂ ಉಳಿಯಿತು, ಆರೋಗ್ಯವೂ ಸುಧಾರಿಸಿತು. ಎರಡನೆಯದರಲ್ಲಿ ಎರಡೂ ಕೆಟ್ಟವು. ವೆಚ್ಚದ ವ್ಯತ್ಯಾಸ, ಕ್ವಾಲಿ ವ್ಯತ್ಯಾಸ ಎರಡನ್ನೂ ಬೇರೆ ಬೇರೆ ಬರೆಯಿರಿ.

ಉತ್ತರ 2

ಮೇಲಿನದು ಸರಿ. ಆದರೆ ಇಷ್ಟೆಲ್ಲ ಕಟ್ಟುವ ಮೊದಲು ಕ್ವಾಲಿ ಹೇಗೆ ಬಂತು ಅಂತ ನೋಡಿ, ಎಡವುವುದು ಸಾಮಾನ್ಯವಾಗಿ ಅಲ್ಲೇ.

ಇಕ್ಯೂ-5ಡಿ-5ಎಲ್‌ನಲ್ಲಿ (ರೋಗಿಗಳು ತಮ್ಮ ಆರೋಗ್ಯಸ್ಥಿತಿಯನ್ನು ಗುರುತಿಸುವ ಪ್ರಶ್ನಾವಳಿ) ಐದು ಆಯಾಮ, ಪ್ರತಿಯೊಂದಕ್ಕೂ ಐದು ಮಟ್ಟ, ಒಟ್ಟು 3,125 ಸ್ಥಿತಿಗಳು. ಮಟ್ಟಗಳನ್ನು ಸುಮ್ಮನೆ ಕೂಡಿಸಿದರೆ ಉಪಯುಕ್ತತೆ (ಪೂರ್ಣ ಆರೋಗ್ಯಕ್ಕೆ 1, ಸಾವಿಗೆ 0 ಎಂಬ ಅಳತೆಯ ಅಂಕ) ಸಿಗುವುದಿಲ್ಲ, ಪ್ರತಿ ಸ್ಥಿತಿಗೂ ಅಂಕ ಕೊಡುವ ಮೌಲ್ಯಪಟ್ಟಿ ಬೇಕು. 3ಎಲ್ (ಮೂರೇ ಮಟ್ಟಗಳ) ಆವೃತ್ತಿಯ ಪಟ್ಟಿಯನ್ನು 5ಎಲ್ ಉತ್ತರಗಳಿಗೆ ನೇರವಾಗಿ ಹಚ್ಚುವಂತಿಲ್ಲ. ಕೆಲವು ಸ್ಥಿತಿಗಳಿಗೆ ಸೊನ್ನೆಗಿಂತ ಕಡಿಮೆ ಅಂಕ ಬರುತ್ತದೆ. ಡೇಟಾ ದೋಷ ಅಂದುಕೊಂಡು ಅಳಿಸಬೇಡಿ.

ಆರಂಭ, 6 ತಿಂಗಳು, 12 ತಿಂಗಳಲ್ಲಿ ಉಪಯುಕ್ತತೆ 0.52, 0.64, 0.70 ಬಂದಿದ್ದರೆ ರೇಖೆಯ ಕೆಳಗಿನ ವಿಸ್ತೀರ್ಣ 0.290 + 0.335 = 0.625 ಕ್ವಾಲಿ. ಇನ್ನೊಂದು ಗುಂಪು ಆರಂಭದಲ್ಲೇ 0.04 ಮೇಲಿದ್ದು ವರ್ಷವಿಡೀ ಹಾಗೇ ಸಾಗಿದರೆ, ಚಿಕಿತ್ಸೆ ಏನೂ ಮಾಡದಿದ್ದರೂ 0.04 ಕ್ವಾಲಿ ಲಾಭ ಕಾಣುತ್ತದೆ! ಈ ವ್ಯತ್ಯಾಸವನ್ನು ಸರಿದೂಗಿಸಲು ಆರಂಭದ ಅಂಕವನ್ನು ರಿಗ್ರೆಶನ್‌ನಲ್ಲಿ ಸೇರಿಸಿ.

ವೆಚ್ಚದಲ್ಲಿ ಸರಾಸರಿಯನ್ನೇ ಬಳಸಿ, ಮೀಡಿಯನ್ ಬೇಡ. ಕೆಲವೇ ರೋಗಿಗಳ ದೊಡ್ಡ ಬಿಲ್ಲನ್ನೂ ಬಜೆಟ್ ಹೊರಲೇಬೇಕಲ್ಲ. ಬೂಟ್‌ಸ್ಟ್ರಾಪ್ (ಡೇಟಾದಿಂದ ರೋಗಿಗಳನ್ನು ಮತ್ತೆ ಮತ್ತೆ ಯಾದೃಚ್ಛಿಕವಾಗಿ ಎತ್ತಿ ಲೆಕ್ಕ ಹಾಕುವುದು) ಮಾಡುವಾಗ ಒಬ್ಬ ರೋಗಿಯ ವೆಚ್ಚ ಮತ್ತು ಕ್ವಾಲಿಯನ್ನು ಜೋಡಿಯಾಗಿಯೇ ಎತ್ತಿಕೊಳ್ಳಿ, ಇಲ್ಲದಿದ್ದರೆ ಅವುಗಳ ನಡುವಿನ ಸಹಸಂಬಂಧ ಕಳೆದುಹೋಗುತ್ತದೆ.

ಪ್ರಶ್ನೆ ಕೇಳಿದವರು

ಸ್ಪಷ್ಟವಾಯಿತು, ಇಬ್ಬರಿಗೂ ಧನ್ಯವಾದ. ಮಿತಿಯನ್ನು 90,000ಕ್ಕೆ ಇಳಿಸಿದರೆ ಇಡೀ ಲೆಕ್ಕ ಮತ್ತೆ ಮಾಡಬೇಕೇ? ಅ-ಯಿಂದ ಉ-ಗೆ 75,000 ಇದೆಯಲ್ಲ, ಆಗಲೂ ಉ ಗೆಲ್ಲುತ್ತದೆ ಅಲ್ಲವೇ?

ಉತ್ತರ 1

ಇಲ್ಲ, ಆ 75,000 ದಾರಿ ತಪ್ಪಿಸುತ್ತದೆ. ಅ ಪಟ್ಟಿಯಲ್ಲೇ ಇಲ್ಲ. ನಿವ್ವಳ ಹಣಕಾಸು ಲಾಭ ಹಾಕಿ ನೋಡಿ: ಮಿತಿ × ಕ್ವಾಲಿ − ವೆಚ್ಚ. 1,20,000ದಲ್ಲಿ ಈಗಿನದು 4,30,000, ಅ 4,24,000, ಇ 4,08,000, ಉ 4,42,000. 90,000ದಲ್ಲಿ ಈಗಿನದು 3,10,000, ಅ 2,98,000, ಇ 2,83,500, ಉ 3,04,000. ಈ ಮಿತಿಗೆ ಈಗಿರುವ ಚಿಕಿತ್ಸೆಯೇ ಮುಂದೆ. ಅನಿಶ್ಚಿತತೆಯ ವಿಶ್ಲೇಷಣೆಯನ್ನೂ ಈ ಸೂತ್ರದಲ್ಲೇ ನಡೆಸಿ. ಸಿಮ್ಯುಲೇಶನ್‌ನ ಪ್ರತಿ ಸುತ್ತಿನಲ್ಲಿ ನಾಲ್ಕರಲ್ಲಿ ಯಾವುದಕ್ಕೆ ಹೆಚ್ಚು ಅಂತ ಎಣಿಸಿದರೆ ಸಾಕು. ಸುತ್ತು ಸುತ್ತಿಗೂ ಐಸಿಇಆರ್ ತೆಗೆದು ಅವುಗಳ ಸರಾಸರಿ ಹಾಕಲು ಹೋಗಬೇಡಿ.