ಚೀನೀ ಮಾತೃಭಾಷೆಯವರಿಗೆ ಇಂಗ್ಲಿಷ್ ಓದು: ಅಭ್ಯಾಸ ಹೇಗೆ ಮಾಡಿಸಲಿ?

ಚಾಕಣ ಕನ್ನಡಿಗ: ನಮ್ಮ ಪ್ಲಾಂಟಿಗೆ ಬಂದಿರುವ ಚೀನಾದ ಇಂಜಿನಿಯರ್‌ಗೆ ಬಿಡಿ ಪದಗಳು ಬೇಕಾದಷ್ಟು ಗೊತ್ತು. ಆದರೆ ಮೆಷಿನ್ ಮ್ಯಾನ್ಯುಯಲ್‌ನ ಒಂದು ಪ್ಯಾರಾ ಓದಿ ಸಾರಾಂಶ ಹೇಳಿ ಅಂದರೆ ತಡವರಿಸುತ್ತಾರೆ. ದಿನಕ್ಕೆ ಅರ್ಧ ಗಂಟೆ ಸಿಗುತ್ತೆ.

ಕೋಥ್ರೂಡ್ ಮೇಷ್ಟ್ರು: ತೊಡಕಿರೋದು ವಾಕ್ಯದ ಜೋಡಣೆಯಲ್ಲಿ ಸರ್. ‘ನಿನ್ನೆ ಕೆಟ್ಟ ಪಂಪು’ ಅಂತ ನಾವು ಹೇಳೋ ಹಾಗೇ ಚೀನೀಯಲ್ಲೂ ವಿವರಣೆ ಮೊದಲು, ನಾಮಪದ ಆಮೇಲೆ. ಇಂಗ್ಲಿಷ್‌ನಲ್ಲಿ ‘ದ ಪಂಪ್ ದಟ್ ಫೇಲ್ಡ್ ಯೆಸ್ಟರ್‌ಡೇ’. ವಾಕ್ಯ ಉದ್ದವಾದಷ್ಟೂ ಯಾವ ಕ್ರಿಯಾಪದ ಯಾರದ್ದು ಅನ್ನೋದು ತಪ್ಪಿಹೋಗುತ್ತೆ. ಪೆನ್ಸಿಲ್ ಕೊಡಿ. ಮುಖ್ಯ ಕ್ರಿಯಾಪದಕ್ಕೆ ಗೆರೆ ಎಳೆಯಲಿ, ಆಮೇಲೆ ಅದರ ಕರ್ತೃವಿಗೆ. ‘ದಟ್’, ‘ವಿಚ್’ನಿಂದ ಶುರುವಾಗುವ ತುಂಡನ್ನು ಕಂಸದಲ್ಲಿ ಹಾಕಲಿ. ಕಂಸ ಬಿಟ್ಟು ಒಮ್ಮೆ ಓದಿಸಿ, ಮತ್ತೆ ಸೇರಿಸಿ ಓದಿಸಿ. ದಿನಕ್ಕೆ ಐದಾರು ವಾಕ್ಯ ಸಾಕು, ಆದರೆ ಬಿಡದೆ ಮಾಡಬೇಕು. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸಲ್ಲ. ‘ಹ್ಯಾಡ್ ಬೀನ್ ರಿಪೇರ್ಡ್’ ಬಂದಾಗ ಯಾವುದು ಮೊದಲು ನಡೆದದ್ದು ಅಂತ ಕೇಳಲೇಬೇಕು.

ವಾಶಿ ಕನ್ನಡತಿ: ಮ್ಯಾನ್ಯುಯಲ್ ಜೊತೆಗೆ ಸುಲಭದ ಗ್ರೇಡೆಡ್ ರೀಡರ್ (ಕಲಿಯುವವರ ಮಟ್ಟಕ್ಕೆ ತಕ್ಕಂತೆ ಸರಳ ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕ) ಕೂಡ ಕೊಡಿ. ನೂರು ಪದಕ್ಕೆ ಗೊತ್ತಿಲ್ಲದ್ದು ಎರಡು-ಮೂರು ದಾಟಿದರೆ ಸಂದರ್ಭ ನೋಡಿ ಊಹಿಸೋಕಾಗಲ್ಲ, ಹೊತ್ತೆಲ್ಲ ಡಿಕ್ಷನರಿಗೇ ಹೋಗುತ್ತೆ. ಫ್ಲ್ಯಾಶ್‌ಕಾರ್ಡ್‌ನಲ್ಲಿ ಬಿಡಿ ಪದ ಬೇಡ. ಓದಿದ ವಾಕ್ಯವನ್ನೇ ಬರೆದು ಆ ಪದದ ಜಾಗ ಖಾಲಿ ಬಿಡಿ. ‘ಕಟ್ ಆಫ್’, ‘ಕಟ್ ಇನ್’ ಥರದವು ಹೀಗೇ ನಿಲ್ಲೋದು. ಮರುದಿನ, ಮೂರನೇ ದಿನ, ವಾರಕ್ಕೊಮ್ಮೆ ತಿರುವಿಹಾಕಲಿ.

ಚಾಕಣ ಕನ್ನಡಿಗ: ‘ಕ್ವೈಟ್’ (quite), ‘ಕ್ವಯೆಟ್’ (quiet) ಅದಲುಬದಲಾಗುತ್ತೆ ಮೇಡಂ.

ವಾಶಿ ಕನ್ನಡತಿ: ಕಣ್ಣಲ್ಲೇ ಗುರುತಿಟ್ಟುಕೊಂಡರೆ ಹಾಗಾಗುತ್ತೆ. ಕಾರ್ಡ್ ತಿರುಗಿಸುವ ಮುಂಚೆ ಪ್ರತಿ ಸಲ ಜೋರಾಗಿ ಉಚ್ಚರಿಸಲಿ.