ಸಹಾಯ ಬೇಕು: ಗೋಧಿ ಹುಲ್ಲಿನ ರಸ ಕೆಡದಂತೆ ಇಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗಾಗಿ ಬಾಲ್ಕನಿಯ ಟ್ರೇಗಳಲ್ಲಿ ಗೋಧಿ ಹುಲ್ಲು ಬೆಳೆಸುತ್ತಿದ್ದೇನೆ. 8-10 ದಿನಕ್ಕೆ ಗೇಣುದ್ದ ಬರುತ್ತದೆ. ಆದರೆ ಇಡೀ ಟ್ರೇ ಒಟ್ಟಿಗೇ ಕೊಯ್ಲಿಗೆ ಬರುತ್ತದೆ, ಅಮ್ಮ ಕುಡಿಯುವುದು ದಿನಕ್ಕೆ 30 ಮಿಲಿ ಮಾತ್ರ. ಹಾಗೇ ಬಿಟ್ಟರೆ ಹುಲ್ಲು ಬಲಿತು ಕಹಿಯಾಗುತ್ತದೆ.

ರಸ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನಕ್ಕೇ ಬಣ್ಣ ಕಂದುತ್ತದೆ. ಗಾಳಿ ತಾಗಿದರೆ ಹಾಗಾಗುತ್ತದೆ ಅಲ್ವಾ? ಅದಕ್ಕೇ ಹಿಂಡಿದ ಕೂಡಲೇ ಐಸ್ ಟ್ರೇಗೆ ಹಾಕಿ ಫ್ರೀಜರ್‌ನಲ್ಲಿಡೋಣ ಅಂತಿದ್ದೇನೆ. ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ರುಚಿ ಕೆಡದೆ ಇರುತ್ತದೆ? ನಮ್ಮಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ. ಕರಗಿದ ರಸವನ್ನು ಮತ್ತೆ ಗಟ್ಟಿ ಮಾಡಿ ಅಮ್ಮನಿಗೆ ಕೊಡಲು ನನಗೆ ಧೈರ್ಯವಿಲ್ಲ.

ಇಲ್ಲವೇ ಕೊಯ್ದ ಹುಲ್ಲನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೇಕಾದಾಗ ಅರೆಯುವುದು ಮೇಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.