ಅವ್ವನ ಎಂಆರ್‌ಐಗೆ ಹೊರಡುವ ಮುಂಚೆ

ಶಿರಹಟ್ಟಿ ಕಡೆಯ ತಂಗಿಯೊಬ್ಬರು ಕೇಳಿದ್ದಾರೆ: "ಅವ್ವನಿಗೆ 62 ವರ್ಷ. ಸೊಂಟದಿಂದ ಎಡಗಾಲಿನ ತನಕ ನೋವು ಜಗ್ಗುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು, ಈಗ ಎಂಆರ್‌ಐ ಬರೆದಿದ್ದಾರೆ. ಅವ್ವ ಆ ಡಬ್ಬಿಯೊಳಗೆ ಹೋಗೋದಿಲ್ಲ ಅಂತಾರೆ. ಗದಗಿಗೆ ಹೋಗೋದಾ, ಹುಬ್ಬಳ್ಳಿಗಾ? ಏನೇನು ಒಯ್ಯಬೇಕು?"

ತಂಗಿ, ನಾನು ಹುಬ್ಬಳ್ಳಿಯವಳು. ನಮ್ಮ ಅವ್ವನಿಗೂ ಇದೇ ನೋವು, ಇದೇ ಹೆದರಿಕೆ ಇತ್ತು. ಎಂಆರ್‌ಐ ಅಂದರೆ ದೊಡ್ಡ ಅಯಸ್ಕಾಂತದಿಂದ ಮೈಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್. ಆದರೆ ಮೊದಲು ಒಂದು ಮಾತು. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋಗತೊಡಗಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಶಕ್ತಿ ಕಡಿಮೆಯಾಗುತ್ತಾ ಬಂದರೆ ಎಂಆರ್‌ಐ ತಾರೀಖಿಗೆ ಕಾಯಬೇಡಿ. ಅವತ್ತೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ನರ ಒತ್ತಿಕೊಂಡಾಗ ಒಂದೊಂದು ತಾಸೂ ಮುಖ್ಯ.

ಗದಗ ನಿಮಗೆ ಹತ್ತಿರ, ಹಾಗಾಗಿ ಮಲ್ಲಸಮುದ್ರದ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಮೊದಲು ವಿಚಾರಿಸಿ. ಹುಬ್ಬಳ್ಳಿಯಾದರೆ ವಿದ್ಯಾನಗರದ ಸರ್ಕಾರಿ ಆಸ್ಪತ್ರೆ ಕಿಮ್ಸ್. ಈಗ ಅದಕ್ಕೆ ಕೆಎಂಸಿಆರ್‌ಐ ಅಂತ ಹೆಸರು, ಆದರೂ ಎಲ್ಲರೂ ಕಿಮ್ಸ್ ಅಂತಲೇ ಅನ್ನುತ್ತಾರೆ. ರೈಲಿಗೆ ಬಂದರೆ ಸ್ಟೇಷನ್ ಹತ್ತಿರ ಚಿಗರಿ ಬಸ್ಸು ಹತ್ತಿ, ಕಿಮ್ಸ್ ಸ್ಟಾಪಿನಲ್ಲಿ ಇಳಿಯಿರಿ. ಎಲ್ಲಿಯೇ ಆಗಲಿ, ಮನೆಯಿಂದ ಒಬ್ಬರು ಮೊದಲು ಹೋಗಿ ತಾರೀಖು ತಗೊಂಡು ಬರಲಿ. ನೋವಿರುವ ಜೀವವನ್ನು ಸುಮ್ನೆ ಎರಡೆರಡು ಸಲ ಬಸ್ಸಿನಲ್ಲಿ ಕುಲುಕಿಸಬೇಡಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ದುಡ್ಡು ಕಟ್ಟುವ ಮುಂಚೆ ಆಯುಷ್ಮಾನ್ ಕೌಂಟರಿನಲ್ಲಿ ಕೇಳಿ.

ನಾವು ಮೊದಲ ಸಲ ಇದ್ಯಾವುದನ್ನೂ ಮಾಡಲಿಲ್ಲ. ಒಂದು ಆಸ್ಪತ್ರೆಯಲ್ಲಿ ಮುಂಜಾನೆ 8ರಿಂದ ಕಾದೆವು. ಮಧ್ಯಾಹ್ನ ನಮ್ಮ ಪಾಳಿ ಬಂದಾಗ ಬಾಗಿಲಲ್ಲಿ "ಮೈಮೇಲಿನ ಲೋಹ ಎಲ್ಲಾ ತೆಗೀರಿ" ಅಂದರು. ಅವ್ವ ತಾಳಿ ಬಿಚ್ಚಲು ಒಪ್ಪಲೇ ಇಲ್ಲ. ಕಾಲುಂಗುರ ಜಗ್ಗಿದರೆ ಬರಲಿಲ್ಲ. ಹಿಂದೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಅವ್ವ ಕಣ್ಣಲ್ಲಿ ನೀರು ತಂದುಕೊಂಡು ಹೊರಗೆ ಬಂದರು. ಹಾಗೇ ವಾಪಸ್ ಬಂದೆವು. ತಾರೀಖು ಕೊಡುವಾಗಲೇ ಒಬ್ಬರು ಹೇಳಿದ್ದರೆ ಸಾಕಾಗಿತ್ತು ಅಲ್ವಾ? ನನಗೆ ಇವತ್ತಿಗೂ ಆ ಬೇಜಾರು ಹೋಗಿಲ್ಲ.

ಎರಡನೇ ಸಲ ಹಿಂದಿನ ರಾತ್ರಿಯೇ ತಯಾರಿ ಮಾಡಿಕೊಂಡೆವು. ನಮ್ಮ ವೈನಿ ದಾರಕ್ಕೆ ಅರಿಶಿಣ ಹಚ್ಚಿ, ಒಂದು ಅರಿಶಿಣದ ಕೊಂಬು ಕಟ್ಟಿ, ಅದನ್ನು ಅವ್ವನ ಕೊರಳಿಗೆ ಹಾಕಿದರು. ಆಮೇಲೆ ದೇವರ ಮುಂದೆ ಕೂತು ಅವ್ವ ತಾವೇ ತಾಳಿ ತೆಗೆದಿಟ್ಟರು. ಕಾಲುಂಗುರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳಿಗೆ ದಾರ ಸುತ್ತಿ, ನಿಧಾನಕ್ಕೆ ಜಾರಿಸಿದೆವು. ತುರುಬಿನ ಪಿನ್ನು, ಮೂಗುಬೊಟ್ಟು, ಸೀರೆಯ ಸೇಫ್ಟಿ ಪಿನ್ನು, ಕುಪ್ಪಸದ ಹುಕ್ಕು ಇವನ್ನು ಮರೆಯುವವರೇ ಜಾಸ್ತಿ. ತೆಗೆದಿಡುವ ಹಲ್ಲಿನ ಸೆಟ್ ಇದ್ದರೆ ಅದೂ ಹೊರಗೆ. ಗಾಜಿನ ಬಳೆಗೆ ಅಯಸ್ಕಾಂತದ ತೊಂದರೆ ಇಲ್ಲ, ಆದರೆ ಅಲ್ಲಿಯವರು ತೆಗೀರಿ ಅಂದರೆ ತೆಗೆಯಿರಿ. ನೀವೂ ಒಳಗೆ ಹೋಗುವುದಾದರೆ ಮೊಬೈಲು, ಎಟಿಎಂ ಕಾರ್ಡು, ಕೀಲಿಕೈ ಎಲ್ಲಾ ಹೊರಗಿಡಿ. ಸ್ಕ್ಯಾನ್ ನಡೆಯದಿದ್ದರೂ ಆ ಅಯಸ್ಕಾಂತ ಆರುವುದಿಲ್ಲ.

ಹೃದಯಕ್ಕೆ ಪೇಸ್‌ಮೇಕರ್ ಕೂರಿಸಿದ್ದರೆ, ಸ್ಟೆಂಟ್ ಹಾಕಿದ್ದರೆ, ತಲೆಯೊಳಗೆ ಆಪರೇಷನ್‌ನಲ್ಲಿ ಹಾಕಿದ ಕ್ಲಿಪ್ ಇದ್ದರೆ, ಎಲುಬಿಗೆ ರಾಡು ಇದ್ದರೆ ಮೊದಲೇ ಹೇಳಿ, ಅದರ ಕಾಗದ ತೋರಿಸಿ. ನಮ್ಮ ಕಾಕಾ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿದವರು. ಅವರ ಎಂಆರ್‌ಐ ದಿನ ಟೆಕ್ನೀಷಿಯನ್ "ಕಣ್ಣಲ್ಲಿ ಎಂದಾದರೂ ಕಬ್ಬಿಣದ ಚೂರು ಸಿಡಿದಿತ್ತಾ?" ಅಂತ ಕೇಳಿದರು. ಹೌದು ಅಂದಿದ್ದಕ್ಕೆ ಮೊದಲು ಕಣ್ಣಿನ ಎಕ್ಸ್‌ರೇ ಮಾಡಿಸಿದರು. ಚೂರು ಉಳಿದಿದ್ದರೆ ಅಯಸ್ಕಾಂತ ಅದನ್ನು ಸರಿಸಿ ಕಣ್ಣಿಗೇ ಪೆಟ್ಟು ಕೊಡಬಹುದು.

ಇನ್ನು ಡಬ್ಬಿಯ ಹೆದರಿಕೆ. ನಾನು ಅವ್ವನನ್ನು ಕಾಟಿನ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಕಿವಿಗೆ ಹತ್ತಿ ಇಟ್ಟು, ಪಕ್ಕದಲ್ಲಿ ತಾಟು ಬಡಿದು ತೋರಿಸಿದೆ. "ಹೀಗೇ ಸಪ್ಪಳ ಬರ್ತದ ಅವ್ವ, ಒಮ್ಮೆ ಟಕಟಕ, ಒಮ್ಮೆ ಗಿರಣಿ ಹಾಗೆ. ಅದು ಏನೂ ಮಾಡೋದಿಲ್ಲ" ಅಂದೆ. ಒಳಗೆ ಸೇರುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳಲು ಹೇಳಿದ್ದೆ, ಅದು ಬಹಳ ನೆರವಾಯಿತು. ಕೈಯಲ್ಲಿ ರಬ್ಬರಿನ ಒಂದು ಬುಗ್ಗೆ ಕೊಡುತ್ತಾರೆ. ತಡೆಯಲಾಗದಿದ್ದರೆ ಅದನ್ನು ಒತ್ತಿದರೆ ನಿಲ್ಲಿಸುತ್ತಾರೆ. ಸೊಂಟಕ್ಕೆ ಸಾಮಾನ್ಯವಾಗಿ ಅರ್ಧ ತಾಸು ಹಿಡಿಯುತ್ತದೆ. ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ, ಹಾಗಾಗಿ ಮೂತ್ರಕ್ಕೆ ಹೋಗಿ ಬಂದೇ ಮಲಗಲಿ. ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಅದನ್ನೂ ಅವ್ವನಿಗೆ ಹೇಳಿ. ಚಿತ್ರ ಸ್ಪಷ್ಟವಾಗಲು ಇಂಜೆಕ್ಷನ್ ಕೊಟ್ಟು ಮಾಡುವುದಾದರೆ ಮಾತ್ರ ಉಪವಾಸ ಬೇಕಾ, ಕಿಡ್ನಿ ರಕ್ತಪರೀಕ್ಷೆ ಬೇಕಾ ಅಂತ ಮೊದಲೇ ಕೇಳಿ.

ಹಳೇ ಎಕ್ಸ್‌ರೇ ಒಯ್ಯುವುದನ್ನು ಮರೆಯಬೇಡಿ. ಯಾವ ಕಾಲು, ಎಷ್ಟು ದಿನದಿಂದ ಅಂತ ಚೀಟಿಯಲ್ಲಿ ಡಾಕ್ಟರಿಂದ ಬರೆಸಿಕೊಳ್ಳಿ. ಬರೀ "ಬೆನ್ನು ನೋವು" ಅಂತಿದ್ದರೆ ರಿಪೋರ್ಟ್ ಬರೆಯುವವರಿಗೆ ಎಲ್ಲಿ ಹುಡುಕಬೇಕು ಅಂತ ತಿಳಿಯುವುದು ಕಷ್ಟ. ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್", ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆ ಉಬ್ಬಿದೆ, ಅಂತ ಕಂಡರೆ ಗಾಬರಿ ಬೇಡ. 60 ದಾಟಿದವರಲ್ಲಿ ನೋವೇ ಇಲ್ಲದ ಎಷ್ಟೋ ಜನಕ್ಕೂ ಅದು ಇರುತ್ತದೆ. ಫಿಲ್ಮು, ರಿಪೋರ್ಟು ಎರಡನ್ನೂ ಚೀಟಿ ಬರೆದ ಡಾಕ್ಟರಿಗೇ ತೋರಿಸಿ, ಅವರು ಕಾಲು ಎತ್ತಿಸಿ ನೋಡಿ ಹೇಳಲಿ.